ಇಪ್ಪತ್ತೆರಡು ಸೆಕೆಂಡು

ಬಚ್ಚಲಿನ ಬಾಗಿಲಲ್ಲಿ ನಾದಿನಿ ಜಯಮಾಲಾ ಬಲಗೈಯಿಂದ ಎಡತೋಳನ್ನು ಹಿಡಿದುಕೊಂಡು ನಿಂತಿದ್ದಳು. ಓಡಿ ಬಂದು ಹತ್ತು ನಿಮಿಷವಾಗಿರಬೇಕು, ಹಣೆಯ ಬೆವರು ಇನ್ನೂ ಆರಿರಲಿಲ್ಲ. ನಾನು ಮಗಳು ಮೀನಲಳ ಬಾಯಿಗೆ ಗಂಜಿ ಹಾಕುತ್ತಿದ್ದೆ.

“ವೈನಿ, ಪಟ್ಟಿ ಸಪಾಟ ಆಗ್ಯಾದ,” ಅಂದಳು.

ಚಮಚ ಕೆಳಗಿಟ್ಟು ಅವಳ ತೋಳು ನೋಡಿದೆ. ಆ ಪಟ್ಟಿ ನಾನೇ ಹೊಲಿದುಕೊಟ್ಟದ್ದು. ಮೀನಲಳ ಹಳೆಯ ಅಂಗಿಯ ಬಟ್ಟೆ ಕತ್ತರಿಸಿ, ನಡುವೆ ಪುಟ್ಟ ಚೀಲ ಮಾಡಿ, ಮೇಲೊಂದು ಗುಂಡಿ ಹಚ್ಚಿ, ತೋಳಿಗೆ ಕಟ್ಟಿಕೊಳ್ಳಲು ಎರಡು ಕಡೆ ಲಾಡಿ ಇಟ್ಟಿದ್ದೆ. ಆ ಚೀಲದೊಳಗೆ ಅವಳ ಲಿಂಗ ಇರಬೇಕು. ಗುಂಡಿ ಹಾಕಿದ್ದು ಹಾಕಿದಂತೆಯೇ ಇತ್ತು. ಕೆಳಗಿನ ಹೊಲಿಗೆ ಮಾತ್ರ ಎರಡು ಬೆರಳಷ್ಟು ಬಿಚ್ಚಿತ್ತು. ಒಳಗೆ ಏನೂ ಇರಲಿಲ್ಲ.

ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಲಿಂಗ ಕಟ್ಟುತ್ತಾರೆ. ಅದು ಕೊನೆಯತನಕ ಮೈಮೇಲೆಯೇ ಇರಬೇಕು. ಮುಂಜಾನೆ ಜಳಕವಾದ ಮೇಲೆ ಎಡಗೈಯಲ್ಲಿಟ್ಟು ಪೂಜೆ ಮಾಡಿದ ನಂತರವೇ ನೀರು, ಅನ್ನ. ಕಳೆದುಹೋದರೆ ಸಿಗುವತನಕ ಹನಿ ನೀರೂ ಮುಟ್ಟುವಂತಿಲ್ಲ. ಈಗಿನ ಕಾಲದಲ್ಲಿ ಎಲ್ಲರೂ ಹಾಗೆ ನಡೆಯುತ್ತಾರೆಂದಲ್ಲ. ನನ್ನ ನಾದಿನಿ ನಡೆಯುತ್ತಾಳೆ.

ಅವತ್ತು ಶುಕ್ರವಾರ, ಎಳ್ಳಮಾವಾಸ್ಯೆ ಮುಗಿದು ನಾಲ್ಕನೇ ದಿನ. ಹನ್ನೆರಡು ಕಿಲೋಮೀಟರ್ ಓಡಿ ಬಂದವಳ ಹೊಟ್ಟೆಯಲ್ಲಿ ಹಿಂದಿನ ಸಂಜೆಯ ರೊಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಭಾನುವಾರ ಮುಂಜಾನೆ ಆರೂವರೆಗೆ ಉದಗೀರದಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟ. ಒಂದು ತಾಸು ಇಪ್ಪತ್ತು ನಿಮಿಷದೊಳಗೆ ಮುಗಿಸಿದ ಹೆಣ್ಣುಮಕ್ಕಳನ್ನು ರಾಜ್ಯದ ತರಬೇತಿ ಶಿಬಿರಕ್ಕೆ ಕರೆಯುತ್ತಾರೆ. ಆ ಹಂಗಾಮಿನ ಕೊನೆಯ ಓಟ ಅದು. ಅದರ ಹಿಂದಿನ ಓಟದಲ್ಲಿ ಜಯಮಾಲಾಳಿಗೆ ಹದಿನಾಲ್ಕು ಸೆಕೆಂಡಿನಿಂದ ಆ ಅವಕಾಶ ತಪ್ಪಿತ್ತು.

“ಎಲ್ಲಿ ಬಿತ್ತು?” ಅಂತ ನಾನು ಕೇಳಿದೆ.

“ಗೊತ್ತಾಗಿದ್ರ ಅಲ್ಲೇ ನಿಲ್ತಿದ್ದಿಲ್ಲಾ?”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೊದಲೆಲ್ಲ ಅವಳ ಲಿಂಗ ಕೊರಳಲ್ಲೇ, ಶಿವದಾರದಲ್ಲಿ ಇರುತ್ತಿತ್ತು. ಓಟದ ವೇಗ ಹೆಚ್ಚಾದ ಹಾಗೆ ಅದು ಎದೆಯ ಎಲುಬಿಗೆ ಬಡಿದು ಬಡಿದು ಗಾಯವಾಗಿತ್ತು. ನಾನು ರಾತ್ರಿ ಕೊಬ್ಬರಿಎಣ್ಣೆ ಹಚ್ಚುವುದು, ಮುಂಜಾನೆ ಅದು ಮತ್ತೆ ಕೆಂಪಾಗುವುದು. ನೋಡಲಾರದೆ ಅತ್ತೆಯವರನ್ನು ಕೇಳಿದ್ದೆ. “ತೋಳಿಗಿ ಕಟ್ಟಿದ್ರ ನಡೀತದ. ಹೊಕ್ಕಳ ಕೆಳಗ ಮಾತ್ರ ಇಳಿಸಬ್ಯಾಡ್ರಿ,” ಅಂದಿದ್ದರು. ಮೀನಲ ಅಳುತ್ತಿದ್ದಾಗ ಅವಸರದಲ್ಲಿ, ಒಂಟಿ ದಾರದಲ್ಲಿ ಆ ಚೀಲ ಹೊಲಿದಿದ್ದೆ.

ಜಯಮಾಲಾಳಿಗೆ ಇಪ್ಪತ್ಮೂರು ವರ್ಷ. ನಾನು ಭಾಲ್ಕಿ ಕಡೆಯವಳು. ಮದುವೆಯಾಗಿ ಗಡಿಯಾಚೆಯ ದಾಳಿಂಬಕ್ಕೆ ಬಂದಾಗ ಅವಳು ಉಮರಗಾದ ಕಾಲೇಜಿಗೆ ಶೇರ್ ಆಟೋದಲ್ಲಿ ಹೋಗಿ, ಬರುವಾಗ ಐದು ಕಿಲೋಮೀಟರ್ ಮೊದಲೇ ಇಳಿದು, ಪುಸ್ತಕದ ಚೀಲ ಬೆನ್ನಿಗೆ ಬಿಗಿದು ಓಡಿಕೊಂಡು ಬರುತ್ತಿದ್ದಳು. ಓಟ ಅವಳಿಗೆ ಮೈದಾನದಲ್ಲಿ ಬಂದದ್ದಲ್ಲ, ಕೂರಿಗೆಯ ಹಿಂದೆ ಬಂದದ್ದು. ನಮ್ಮ ಮಾವ ಮಾಣಿಕಪ್ಪನವರು ಹಿಂಗಾರಿ ಜೋಳವನ್ನು ಇವತ್ತಿಗೂ ಎತ್ತಿನ ಕೂರಿಗೆಯಿಂದಲೇ ಬಿತ್ತುತ್ತಾರೆ. ಕೂರಿಗೆಯ ಮೇಲೆ ಕಟ್ಟಿಗೆಯ ಬಟ್ಟಲು ಇರುತ್ತದೆ, ಚಾಡ ಅನ್ನುತ್ತಾರೆ. ಅದರ ಮೇಲೆ ಮುಷ್ಟಿ ಹಿಡಿದು, ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಬೆರಳಸಂದಿಯಿಂದ ಕಾಳು ಬಿಡುತ್ತ ಹೋಗಬೇಕು. ಮೊದಲಿಗೆ ಹೆಚ್ಚು ಬಿಟ್ಟರೆ ಸಾಲಿನ ತುದಿ ಬರುವ ಮುಂಚೆ ಮುಷ್ಟಿ ಖಾಲಿಯಾಗುತ್ತದೆ. ಎಂಟು ದಿನದಲ್ಲಿ ಮೊಳಕೆ ಬಂದಾಗ ನಮ್ಮ ತಪ್ಪು ಊರಿಗೆಲ್ಲ ಕಾಣುತ್ತದೆ. ಹನ್ನೊಂದನೇ ವಯಸ್ಸಿಗೇ ಜಯಮಾಲಾ ಬಿತ್ತಿದ ಸಾಲಿನಲ್ಲಿ ಬೋಳು ಜಾಗ ಇರುತ್ತಿರಲಿಲ್ಲವಂತೆ.

ನಿಲಂಗಾದ ಭೀಮಾಶಂಕರ ಸರ್ ನಿವೃತ್ತ ವ್ಯಾಯಾಮ ಶಿಕ್ಷಕರು. ಒಂದು ಶಾಲಾ ಓಟದಲ್ಲಿ ಈ ಹುಡುಗಿ ಪ್ರತಿ ಸುತ್ತನ್ನೂ ಅಷ್ಟಷ್ಟೇ ಸಮಯದಲ್ಲಿ ಓಡಿದ್ದನ್ನು ಕಂಡು, “ಇದು ಯಾರು ಕಲಿಸಿದ್ರವ್ವಾ?” ಅಂತ ಕೇಳಿದ್ದರು. “ಅಪ್ಪ ಕಲಿಸ್ಯಾನ್ರಿ, ಜ್ವಾಳ ಬಿತ್ತಾಗ,” ಅಂದಿದ್ದಳು. ಅವತ್ತಿನಿಂದ ಇವಳ ಓಟ ಅವರ ಕೈಯಲ್ಲಿದೆ.

ಅವಳ ಜೊತೆ ಒಂದೇ ಸೂರಿನಡಿ ಇದ್ದು ನಾನು ತಿಳಿದದ್ದು ಇಷ್ಟು. ದೊಡ್ಡ ಓಟಗಾರರಾಗುವುದೆಂದರೆ ದಿನವೂ ಜೀವ ಹೋಗುವಂತೆ ಓಡುವುದಲ್ಲ. ರಾತ್ರಿ ಎಂಟೂವರೆಗೆ ಮಲಗುತ್ತಾಳೆ. ನಸುಕಿನಲ್ಲಿ ಎದ್ದವಳು ಹಾಸಿಗೆಯಲ್ಲೇ ಮಣಿಕಟ್ಟಿನ ನಾಡಿ ಎಣಿಸುತ್ತಾಳೆ. ದಿನದ ಲೆಕ್ಕಕ್ಕಿಂತ ಆರು ಹೆಚ್ಚು ಬಂದರೆ ಅವತ್ತು ಕಷ್ಟದ ಓಟ ಇಲ್ಲ. ಮಧ್ಯಾಹ್ನ ನಲವತ್ತು ನಿಮಿಷ ನಿದ್ದೆ ಮಾಡುತ್ತಾಳೆ. ಅದಕ್ಕೆ ನೆಂಟರಿಷ್ಟರ ಬಾಯಿಗೆ ಬಿದ್ದದ್ದು ಅಷ್ಟಿಷ್ಟಲ್ಲ. ವಾರದಲ್ಲಿ ಎರಡು ದಿನ ಮಾತ್ರ ನಿಲಂಗಾದ ಮೈದಾನದಲ್ಲಿ ಪ್ರಾಣ ಹಿಂಡಿಕೊಳ್ಳುತ್ತಾಳೆ. ಉಳಿದ ದಿನ ನಿಧಾನ, ಕಿಲೋಮೀಟರಿಗೆ ಐದು ನಿಮಿಷ ಇಪ್ಪತ್ತು ಸೆಕೆಂಡು. ಮೈ ಎಷ್ಟೇ ಎಳೆದರೂ ಅದಕ್ಕಿಂತ ಜೋರು ಹೋಗಕೂಡದು. ಹಾಗೆ ತನ್ನನ್ನು ಹಿಡಿದಿಡುವುದೇ ಮೊದಲ ವರ್ಷ ಅವಳಿಗೆ ಅಳು ಬರಿಸಿತ್ತಂತೆ.

ಇನ್ನೊಂದು ಅಭ್ಯಾಸ. ದಾಟಿದ ಕಿಲೋಮೀಟರನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಾಯಿ ಬೆನ್ನಟ್ಟಲಿ, ಕಾಲು ಉಳುಕಲಿ, ಕಲ್ಲು ದಾಟಿದೊಡನೆ ಅಳಿಸಿಬಿಡುತ್ತಾಳೆ. “ಹಿಂದಿಂದು ಹೊತ್ಕೊಂಡು ಹೋದ್ರ ಮುಂದಿಂದು ಭಾರ ಆಗ್ತದ, ವೈನಿ,” ಅನ್ನುತ್ತಾಳೆ.

ನಿಧಾನದ ಓಟದ ದಿನ ಅವಳ ಕೈಗೆ ಗಡಿಯಾರ ಕಟ್ಟಬಾರದು ಎಂಬುದು ಸರ್ ಹಾಕಿದ ಕಟ್ಟಳೆ. ಸಮಯ ಬೇರೆಯವರು ಬರೆಯಬೇಕು, ಅವಳು ಸಂಜೆ ನೋಡಬೇಕು. ಆ ಬೇರೆಯವಳು ನಾನು. ಹೇಗೂ ದಿನಚರಿ ಬರೆಯುವ ರೂಢಿ ನನಗೆ. ಮೀನಲಳನ್ನು ಓಢಣಿಯಿಂದ ಎದೆಗೆ ಕಟ್ಟಿಕೊಂಡು ಸ್ಕೂಟಿಯ ಮೇಲೆ ಮುಂದೆ ಹೋಗಿ, ಒಂದೊಂದು ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತು, ಅವಳು ದಾಟುವಾಗ ಮೊಬೈಲಿನ ಗುಂಡಿ ಒತ್ತಿ, ಅಂಕಿಯನ್ನು ದಿನಚರಿಯ ಹಾಳೆಗೆ ಇಳಿಸುತ್ತೇನೆ. ಹಲ್ಲು ಬಂದ ದಿನ, ಜ್ವರ ಬಂದ ದಿನ, ಅವುಗಳ ನಡುವೆ ನಾದಿನಿಯ ಐದು ಇಪ್ಪತ್ತು, ಐದು ಹತ್ತೊಂಬತ್ತು, ಐದು ಇಪ್ಪತ್ತೊಂದು.

ದಾರಿಯಲ್ಲಿ ಹೊಲಕ್ಕೆ ಹೊರಟ ಶೇವಂತಾಬಾಯಿ ಸಿಗದ ದಿನವಿಲ್ಲ. ಅರವತ್ತು ದಾಟಿದ ಹೆಂಗಸು, ಕೊಯ್ಲಿನ ಹೆಣ್ಣಾಳುಗಳ ಮುಂದಾಳು. ಆ ಶುಕ್ರವಾರವೂ ಕೂಗಿದ್ದಳು: “ಏ ಜಯಾ, ಇದು ಓಡೋದು ಅದ ಏನ್ ನೋಡ್ಲಿಕ್ಕ ಬಂದ ವರನ ಮುಂದ ನಡಿಯೋದು ಅದ? ನಮ್ಮ ಎಮ್ಮಿ ಇದರಕಿಂತ ಜೋರ್ ಓಡ್ತದ!”

“ಎಮ್ಮಿಗಿ ಹೇಳು ಮೌಶಿ, ಐತಾರ ಉದಗೀರಕ್ಕ ಬಾ ಅಂತ!”

ಅದು ಹೋಗುವಾಗಿನ ಮಾತು. ಬರುವಾಗ ಲಿಂಗ ಇರಲಿಲ್ಲ.

ಎಂಟು ಗಂಟೆಗೆ ಹುಡುಕಲು ಹೊರಟೆವು. ಮಾವ ರಸ್ತೆಯ ಒಂದು ಬದಿ, ಅತ್ತೆ ಕಸ್ತೂರಬಾಯಿ ಇನ್ನೊಂದು ಬದಿ, ನಾನು ಸ್ಕೂಟಿ ತಳ್ಳಿಕೊಂಡು ನಡುವೆ, ಜಯಮಾಲಾ ಎಲ್ಲರಿಗಿಂತ ಮುಂದೆ. ಲಿಂಗದ ಮೇಲಿನ ಲೇಪ ಕಪ್ಪು. ನಮ್ಮ ಮಣ್ಣು ಕಪ್ಪು, ರಸ್ತೆಯ ಡಾಂಬರು ಕಪ್ಪು. ಆಡಿನ ಹಿಕ್ಕೆ ಕಂಡಲ್ಲೆಲ್ಲ ನಾನು ಬಗ್ಗಿ ನೋಡುತ್ತಿದ್ದೆ. ಹೋಗಿ ಬಂದು ಹನ್ನೆರಡು ಕಿಲೋಮೀಟರ್ ತಿರುಗುವಷ್ಟರಲ್ಲಿ ಹನ್ನೆರಡೂವರೆ ಆಯಿತು. ಏನೂ ಸಿಗಲಿಲ್ಲ.

ಜಯಮಾಲಾಳ ತುಟಿ ಬಿಳಿಚಿಕೊಂಡಿತ್ತು. ಮಾತಾಡುವಾಗ ನಾಲಿಗೆ ಅಂಟುವ ಸದ್ದು ಕೇಳುತ್ತಿತ್ತು. ಅತ್ತೆ ಮೆಲ್ಲಗೆ ಅಂದರು, “ಮಠಕ್ಕ ಹೋಗಿ ಅಯ್ಯನವರ ಕೈಲಿಂದ ಹೊಸಾದು ಕಟ್ಟಿಸ್ಕೊಂಡ್ರಾಯ್ತು, ಮಗಾ. ಅದಕ್ಕೂ ದಾರಿ ಅದ.”

“ಹುಡುಕೋದು ಮುಗದಿಲ್ಲ, ಅವ್ವಾ. ಮುಗದ ಮ್ಯಾಲ ನೋಡಮು.”

ಆಗಲೇ ಭೀಮಾಶಂಕರ ಸರ್ ಫೋನ್ ಬಂತು. ಮಾವ ಹೇಳಿದ್ದರು ಕಾಣುತ್ತದೆ. ಅವರ ದನಿ ಫೋನಿನಿಂದ ಹೊರಗೆ ನನಗೂ ಕೇಳುತ್ತಿತ್ತು.

“ಜಯಾ, ಮೊದಲ ನೀರು ಕುಡಿ. ದೇವರು ಸಿಟ್ಟಾಗಂಗಿಲ್ಲ.”

“ಸರ್, ಹಿಡದ ನೇಮ ಮನಸ್ಸಿಲ್ಲದ ದಿನಾನೂ ಹಿಡೀಬೇಕು ಅಂತ ಹೇಳಿದವ್ರು ನೀವೇ.”

“ನಾ ಓಡೋದು ಹೇಳಿದ್ದೆ ತಾಯಿ, ನೀರಡಿಸಿ ಸಾಯೋದು ಹೇಳಿದ್ದಿಲ್ಲ!” ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದರು. “ಕೇಳು. ಹೊತ್ತು ಮುಣುಗೂದರಾಗ ನೀರು ಕುಡದಿ ಅಂತ ನನಗ ಫೋನ್ ಬರಬೇಕು. ಬರಲಿಲ್ಲಂದ್ರ ಉದಗೀರದಾಗಿಂದ ನಿನ್ನ ಹೆಸರು ನಾನೇ ತಗೀತೀನಿ. ಒಣಗಿದ ಮೈ ಓಡಿಸಿ ನಿನ್ನ ಹೆಣ ನೋಡೋ ಧೈರ್ಯ ನನಗಿಲ್ಲ.”

ಅವಳು ಫೋನ್ ಇಟ್ಟಳು. ಅಳಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕುಳಿತು, “ವೈನಿ, ಇವತ್ತಿಂದು ಬರದೀದು ತಗೊಂಬಾ,” ಅಂದಳು.

ದಿನಚರಿ ತರಲು ನಾನು ಬೇಕೆಂದೇ ತಡಮಾಡಿದೆ. ಅದಕ್ಕೆ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಮುಂಜಾನೆಯಿಂದ ನಾನದನ್ನು ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದೆ.

ಅವಳು ಬೆರಳು ಇಟ್ಟು ಓದಿದಳು. ಹನ್ನೆರಡು ಸಾಲು. ಒಂದೇ ಒಂದು ಕಡೆ ಐದು ಇಪ್ಪತ್ತೆರಡು, ಅದೂ ಮೊದಲನೆಯದು, ಮೈ ಬಿಸಿಯಾಗುವ ಮುಂಚೆ. ಉಳಿದವೆಲ್ಲ ಇಪ್ಪತ್ತರ ಆಚೀಚೆ ಒಂದು ಸೆಕೆಂಡು.

“ಎಲ್ಲಿಯೂ ನಿಂತಿಲ್ಲ ನಾ,” ಅಂದಳು. ಆಮೇಲೆ ಹಾಳೆಯ ಕೆಳಗೆ ನಾನು ಬರೆದ ಒಟ್ಟು ಸಮಯ ನೋಡಿದಳು. ಅರವತ್ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡು. ಮತ್ತೆ ಮೇಲಿನಿಂದ ಬಾಯಲ್ಲೇ ಕೂಡಿಸುತ್ತ ಬಂದಳು. ಎರಡು ಸಲ ಕೂಡಿಸಿದಳು.

“ವೈನಿ. ಕೂಡಿಸಿದ್ರ ಅರವತ್ನಾಕೇ ಬರ್ತದ. ಇಪ್ಪತ್ತೆರಡು ಸೆಕೆಂಡು ಎಲ್ಲಿ ಹೋದ್ವು?”

ಮಾವನವರೂ ನನ್ನ ಕಡೆ ನೋಡಿದರು. ಮೀನಲ ನನ್ನ ಸೆರಗು ಜಗ್ಗುತ್ತಿದ್ದಳು.

ಹೇಳಿದೆ. ಬರುವಾಗ ನಾಲ್ಕನೇ ಕಲ್ಲಿನ ಹತ್ತಿರ ಗುಂಡಿ ಒತ್ತಿದೊಡನೆ ಮೀನಲ ಹಸಿದು ಅಳತೊಡಗಿದ್ದಳು. ಜಾಲಿ ಗಿಡದ ಕೆಳಗೆ ಕುಳಿತು ಹಾಲು ಕುಡಿಸಿದೆ. ಜಯಮಾಲಾ ಮುಂದೆ ಹೋದಳು. ನಾನು ಸ್ಕೂಟಿ ಓಡಿಸಿ ಅವಳನ್ನು ದಾಟಿ ಹೋಗುವಷ್ಟರಲ್ಲಿ ಮೂರನೇ ಕಲ್ಲು ತಪ್ಪಿ ಎರಡನೆಯದೇ ಬಂದಿತ್ತು. ಎರಡು ಕಿಲೋಮೀಟರ್ ಸೇರಿ ಹನ್ನೊಂದು ನಿಮಿಷ ಎರಡು ಸೆಕೆಂಡು ತೋರಿಸಿತು. ಗಡಿಬಿಡಿಯಲ್ಲಿ ನನ್ನ ಕೈಯೇ ತಡವಾಗಿದೆ ಅಂದುಕೊಂಡೆ. ಅವಳು ಯಾವಾಗಲೂ ಐದು ಇಪ್ಪತ್ತೇ ಓಡುವವಳು. ಎರಡು ಸಾಲಿಗೂ ಐದು ಇಪ್ಪತ್ತು, ಐದು ಇಪ್ಪತ್ತು ಅಂತ ಬರೆದುಬಿಟ್ಟೆ.

“ಓಡದೇ ಇದ್ದಿದ್ದು ಬರದಿ?” ಅಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಎಂದೂ ನನ್ನನ್ನು ಕೇಳಿರಲಿಲ್ಲ.

“ತಪ್ಪಾತು, ಜಯಾ.”

ಅವಳು ಕಣ್ಣು ಮುಚ್ಚಿದಳು. ನಾಲ್ಕನೇ ಕಲ್ಲು, ಮೂರನೇ ಕಲ್ಲು ಅಂತ ತುಟಿ ಅಲುಗುತ್ತಿತ್ತು. ಅಳಿಸಿಹಾಕಿದ್ದನ್ನು ಮತ್ತೆ ಎಳೆದು ತರುವುದು ಅವಳಿಗೆ ಎಷ್ಟು ಕಷ್ಟ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಒಮ್ಮೆಲೇ ಕಣ್ಣು ಬಿಟ್ಟಳು.

“ರಾಶಿ ಮಷೀನು! ಟ್ರ್ಯಾಕ್ಟರ್ ಹೊಲಕ್ಕ ಹೊರಳ್ಲತ್ತಿತ್ತು. ರಸ್ತಾ ತುಂಬ ಅಡ್ಡ ಆಗಿತ್ತು. ನಾ ತೊಗರಿ ಸಾಲಿನಾಗ ಇಳದು ದಾಟಿ ಬಂದೆ, ವೈನಿ. ಕೈ ಮ್ಯಾಲ ಎತ್ತಿದ್ದೆ. ಟೊಂಗಿ ಬಡದಿದ್ದು ಈಗ ನೆನಪಾಗ್ಲತ್ತದ.”

ನನಗೂ ಆಗ ಹೊಳೆಯಿತು. ಹಿಂದೆ ಬರುವಾಗ ಕಾಳು ಬಿಡಿಸುವ ಮಷೀನು ಎಳೆದುಕೊಂಡಿದ್ದ ಆ ಟ್ರ್ಯಾಕ್ಟರನ್ನು ನಾನೂ ಕಂಡಿದ್ದೆ. ನಾವು ಹುಡುಕಿದ್ದೆಲ್ಲ ರಸ್ತೆ, ರಸ್ತೆಯ ಅಂಚು. ಹೊಲದೊಳಗೆ ಯಾರೂ ಕಾಲಿಟ್ಟಿರಲಿಲ್ಲ.

ಮಾವ ಎದ್ದು ನಿಂತರು. “ಆ ತೊಗರಿ ಮುಂಜಾನಿಂದ ಕೊಯ್ಲತ್ತಾರ. ಮಷೀನು ಚಾಲೂ ಆಗಿರಬೇಕು. ನಡ್ರಿ, ಜಲ್ದಿ.”

ಮೀನಲಳನ್ನು ಅತ್ತೆಯ ಕೈಗೆ ಕೊಟ್ಟು, ಜಯಮಾಲಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿ ಓಡಿಸಿದೆ. ಮಾವ ಹಿಂದಿನಿಂದ ಮೋಟಾರ್ ಸೈಕಲ್ ಮೇಲೆ ಬಂದರು. ಅರ್ಧ ಕಿಲೋಮೀಟರ್ ದೂರದಿಂದಲೇ ಮಷೀನಿನ ಸದ್ದು ಕೇಳಿಸಿತು. ಹಳದಿ ಹೊಟ್ಟಿನ ಧೂಳು ಮುಗಿಲಿಗೆ ಏರುತ್ತಿತ್ತು. ರಸ್ತೆಗೆ ಹತ್ತಿದ ಸಾಲುಗಳು ಒಂದೂ ಉಳಿದಿರಲಿಲ್ಲ. ಮಷೀನಿಗೆ ದಾರಿ ಮಾಡಲು ಅವನ್ನೇ ಮೊದಲು ಕೊಯ್ದು ಕಟ್ಟು ಕಟ್ಟಿ ಒಟ್ಟಿದ್ದರು. ಹೆಣ್ಣಾಳುಗಳು ಆ ಕಟ್ಟುಗಳನ್ನೇ ಒಂದೊಂದಾಗಿ ಮಷೀನಿನ ಬಾಯಿಗೆ ಕೊಡುತ್ತಿದ್ದರು.

ನಾನು ಸ್ಕೂಟಿ ಬಿಟ್ಟು ಕೈ ಬೀಸುತ್ತ ಓಡಿದೆ. ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಶೇವಂತಾಬಾಯಿ ನೋಡಿ, “ಥಾಂಬಾ ರೇ! ಬಂದ್ ಮಾಡ್!” ಅಂತ ಡ್ರೈವರನಿಗೆ ಕೂಗಿದಳು.

ಮಷೀನು ನಿಂತಿತು. ಡ್ರೈವರ್ ಮುಖ ಸಿಂಡರಿಸಿದ. “ಮೌಶಿ, ತಾಸಿನ ಮ್ಯಾಲ ಬಾಡಿಗಿ ಅದ. ಆಟ ಅದ ಏನ್?”

ಮಾವ ನಡೆದದ್ದು ಹೇಳಿದರು. ಶೇವಂತಾಬಾಯಿ ಜಯಮಾಲಾಳ ತುಟಿ ನೋಡಿದಳು.

“ಅಗ ಬಾಯಿ! ಮುಂಜಾನಿಂದ ನೀರಿಲ್ಲಾ? ಮತ್ತ ನಾ ಎಮ್ಮಿ ಪಮ್ಮಿ ಅಂದೀನಲ್ಲ.” ಡ್ರೈವರನ ಕಡೆ ತಿರುಗಿ, “ಬಾಡಿಗಿ ನಾ ಕೊಡ್ತೀನಿ, ನೀ ಬೀಡಿ ಸೇದು ಹೋಗ್,” ಅಂದಳು.

ಕುಡಗೋಲು ಕೆಳಗಿಟ್ಟು ಎಂಟು ಹೆಂಗಸರು ಕಟ್ಟು ಬಿಚ್ಚತೊಡಗಿದರು. ಒಣಗಿದ ತೊಗರಿ ಕಾಯಿ ಸಿಡಿದು ಕಾಳು ಉದುರುತ್ತಿತ್ತು. ಒಂದು ಕಟ್ಟು, ಹತ್ತು ಕಟ್ಟು. ಇರಲಿಲ್ಲ. ಮಷೀನಿನ ಕೆಳಗಿನ ಕಾಳಿನಲ್ಲಿ ಕೈ ಆಡಿಸಿದೆವು. ಇರಲಿಲ್ಲ. ಮೂರೂವರೆ ಆಯಿತು, ನೆರಳು ಉದ್ದವಾಗತೊಡಗಿತು. ಒಳಗೆ ಹೋಗಿ ಪುಡಿಯಾಗಿದ್ದರೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಯಾರೂ ಆಡಲಿಲ್ಲ.

ಜಯಮಾಲಾ ಒಬ್ಬಳೇ ರಸ್ತೆಗೆ ಹೋಗಿ ನಿಂತಿದ್ದಳು.

“ವೈನಿ, ನಾ ಮತ್ತ ಓಡ್ತೀನಿ.”

“ಹುಚ್ಚಿ ಏನ್ ನೀ? ನಿಲ್ಲಲಿಕ್ಕ ತ್ರಾಣ ಇಲ್ಲ!”

“ಹುಡುಕಿದ್ರ ಸಿಗಂಗಿಲ್ಲ. ಕಾಲಿಗಿ ಗೊತ್ತದ. ಅದೇ ನಡಗಿಗಿ ಓಡಿದ್ರ ಎಲ್ಲಿ ಇಳದೆ ಅಂತ ಕಾಲೇ ಹೇಳ್ತದ.”

ಇನ್ನೂರು ಹೆಜ್ಜೆ ಹಿಂದೆ ಹೋದಳು. ಅಲ್ಲಿಂದ ಹೊರಟಳು. ಒಣಗಿದ ಬಾಯಿ, ನೆಟ್ಟ ದೃಷ್ಟಿ, ಆದರೆ ಅದೇ ಐದು ಇಪ್ಪತ್ತರ ಹೆಜ್ಜೆ. ನಾನು ಮೊಬೈಲ್ ನೋಡದೆಯೇ ಹೇಳಬಲ್ಲೆ. ಟ್ರ್ಯಾಕ್ಟರಿನ ಗಾಲಿ ಹೊರಳಿದ ಗುರುತಿಗಿಂತ ಇಪ್ಪತ್ತು ಮಾರು ಮೊದಲೇ ಅವಳ ಕಾಲು ಎಡಕ್ಕೆ ಇಳಿಯಿತು. ನಾವೆಲ್ಲ ಗಾಲಿಯ ಪಕ್ಕದಲ್ಲೇ ಹುಡುಕಿದ್ದೆವು! ಕೊಯ್ದ ತೊಗರಿಯ ಮೋಟುಗಳ ನಡುವೆ ಹಾಯ್ದು ಒಂದು ಕಡೆ ನಿಂತುಬಿಟ್ಟಳು.

“ಯಾರೂ ಮುಂದ ಬರಬ್ಯಾಡ್ರಿ.”

ಅವಳ ಮುಂದೆ ಮೆತ್ತಗಿನ ಮಣ್ಣಿನಲ್ಲಿ ಒಂದು ಬೂಟಿನ ಗುರುತು ಇತ್ತು. ಎಡಗಾಲಿನದು, ಹೊರ ಅಂಚು ಸವೆದದ್ದು, ಅವಳದೇ. ಅದರ ಮುಂದೆ ಇನ್ನೊಂದು. ಎರಡರ ನಡುವೆ ನಮ್ಮ ಎರೆಮಣ್ಣು ಚಳಿಗಾಲದಲ್ಲಿ ಬಿಡುವ ಬಿರುಕು, ಮೂರು ಬೆರಳು ಅಗಲ. ಜಯಮಾಲಾ ಹೊಟ್ಟೆಯ ಮೇಲೆ ಮಲಗಿ ಒಳಗೆ ನೋಡಿದಳು. ಕೈ ಹಾಕಿದಳು. ಮಣಿಕಟ್ಟಿನ ಮುಂದೆ ಹೋಗಲಿಲ್ಲ.

“ಅದ,” ಅಂದಳು. “ಬೆರಳಿಗಿ ಹತ್ಲತ್ತದ. ಹಿಡೀಲಿಕ್ಕ ಬರ್ಲತ್ತಿಲ್ಲ. ನೂಕಿದ್ರ ಕೆಳಗ ಹೋಗ್ತದ.”

ಶೇವಂತಾಬಾಯಿ ಕುಡಗೋಲು ತಂದು ಪಕ್ಕದಲ್ಲಿ ಕುಳಿತಳು. “ನೀ ಬೆರಳ ಅದರ ಮ್ಯಾಲೇ ಇಡು, ಸರಿಸಬ್ಯಾಡ. ನಾ ಬಾಜೂಲಿಂದ ಬರ್ತೀನಿ.” ಮುದುಕಿ ಕುಡಗೋಲಿನ ತುದಿಯಿಂದ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಕೆತ್ತಿದಳು. ಡ್ರೈವರನೂ ಬಂದು ಮಂಡಿಯೂರಿ ಕುಳಿತಿದ್ದ. ಒಂದು ಹೆಂಟೆ ಕುಸಿದು ಬಿರುಕಿನೊಳಗೆ ಬಿದ್ದಾಗ ಶೇವಂತಾಬಾಯಿ ಕುಡಗೋಲು ಮೇಲೆತ್ತಿದಳು. ಜಯಮಾಲಾಳ ಬೆರಳು ಅಲುಗಲಿಲ್ಲ. ಹದಿನೈದು ನಿಮಿಷವಾದ ಮೇಲೆ ಅವಳು ಕೈ ಹೊರಗೆ ತೆಗೆದಳು. ಲಿಂಗ ಒಡೆದಿರಲಿಲ್ಲ, ಲೇಪಕ್ಕೆ ಒಂದು ಗೀರು ಸಹ ಬಿದ್ದಿರಲಿಲ್ಲ. ಮಣ್ಣು ಮೆತ್ತಿತ್ತು, ಅಷ್ಟೆ.

ಹೊಲದ ಬೋರಿನ ನೀರಲ್ಲಿ ಕೈಕಾಲು ಮುಖ ತೊಳೆದು, ಮಾವನ ಜೇಬಿನಲ್ಲಿದ್ದ ವಿಭೂತಿ ಹಚ್ಚಿಕೊಂಡು, ಎಡಗೈ ಮುಂದೆ ಹಿಡಿದು ಕುಳಿತಳು. ಅವಳ ಪೂಜೆ ಮುಗಿಯುವತನಕ ಯಾರೂ ಅಲುಗಲಿಲ್ಲ. ಆಮೇಲೆ ಶೇವಂತಾಬಾಯಿ ತನ್ನ ಚರಗಿ ಕೊಟ್ಟಳು. ನಾನಾಗಿದ್ದರೆ ಒಂದೇ ಗುಕ್ಕಿಗೆ ಗಟಗಟ ಕುಡಿದುಬಿಡುತ್ತಿದ್ದೆ. ಜಯಮಾಲಾ ಒಂದು ಗುಟುಕು ಕುಡಿದು, ಇಪ್ಪತ್ತು ಎಣಿಸಿ, ಇನ್ನೊಂದು ಗುಟುಕು ಕುಡಿದಳು.

“ಇಷ್ಟ ನೀರಡಿಸಿದ್ರೂ ಇಷ್ಟ ಸಾವಕಾಶ!” ಅಂದಳು ಶೇವಂತಾಬಾಯಿ. “ಓಡೋದೂ ಹಂಗೇ, ಕುಡಿಯೋದೂ ಹಂಗೇ.”

ಎಲ್ಲರೂ ನಕ್ಕರು. ನಾನು ಮುಖ ಆಚೆ ತಿರುಗಿಸಿಕೊಂಡೆ. ಮಾವ ಸರ್‌ಗೆ ಫೋನ್ ಮಾಡಿದಾಗ ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ.

ಶನಿವಾರ ನನ್ನ ಗಂಡ ಉಮಾಕಾಂತ ತಮ್ಮ ಜೀಪಿನಲ್ಲಿ ನಮ್ಮನ್ನು ಕರೆದೊಯ್ದರು. ನಿಲಂಗಾದಲ್ಲಿ ಸರ್ ಮನೆಯ ಮುಂದೆ ಇಳಿದೊಡನೆ ಅವರು ಕೇಳಿದ ಮೊದಲ ಮಾತು, “ಒಂದಕ್ಕ ಯಾವ ಬಣ್ಣ ಅದ?”

“ಬೆಳ್ಳಗ ಆಗ್ಯಾದ್ರಿ ಸರ್.” ಉಮಾಕಾಂತ ನಾಚಿ ಜೀಪಿನ ಚಕ್ರ ನೋಡುತ್ತ ನಿಂತರು.

“ಹಂಗಾದ್ರ ಓಡ್ಬಹುದು. ಖರೆ ಒಂದು ದಿನದ ಊಟ ಹೋಗ್ಯಾದ. ಮೊದಲನೇ ಸುತ್ತು ಹಿಡಿದಿಡು. ಇಪ್ಪತ್ತಾರು ಐವತ್ತರ ಮುಂದ ಒಂದು ಹೆಜ್ಜಿ ಹೋಗಬ್ಯಾಡ. ಎರಡನೇದು ಇಪ್ಪತ್ತಾರು ನಲವತ್ತು. ಮೂರನೇದು ಏನುಳಿದದ ಅದು.”

ಉದಗೀರದ ದಾರಿ ಏಳೇಳು ಕಿಲೋಮೀಟರಿನ ಮೂರು ಸುತ್ತು. ಓಟದ ದಿನವೂ ಅವಳ ಕೈಗೆ ಗಡಿಯಾರ ಇಲ್ಲ, ಪ್ರತಿ ಸುತ್ತಿನ ಕೊನೆಗೆ ನಾನು ನಿಂತು ಸಮಯ ಕೂಗಬೇಕು. ಅವಳು ಅದರ ಮೇಲೆ ಮುಂದಿನ ಸುತ್ತು ಓಡಬೇಕು. ಸರ್ ದೂರದ ತಿರುವಿನಲ್ಲಿ ನೀರು ಹಿಡಿದು ನಿಂತಿರುತ್ತಾರೆ. ಹೊರಡುವ ಮುಂಚೆ ನಾನು ಪಟ್ಟಿಯನ್ನು ಜೋಡಿ ದಾರದಲ್ಲಿ, ಎರಡು ಸುತ್ತು ಹೊಲಿದು ಕೊಟ್ಟೆ. ಅವಳು ಅದನ್ನು ಮಡಚಿ ನನ್ನ ಚೀಲದಲ್ಲೇ ಇಟ್ಟಳು. ಲಿಂಗ ಕೊರಳಲ್ಲಿತ್ತು. “ಗಾಯದ ನೋವು ನಂಗ ಗೊತ್ತಿದ್ದಿದ್ದು, ವೈನಿ. ಗೊತ್ತಿದ್ದಿದ್ದು ಇರ್ಲಿ,” ಅಂದಳು.

ಮೊದಲ ಸುತ್ತಿಗೆ ಏಳನೆಯವಳಾಗಿ ಬಂದಳು. “ಇಪ್ಪತ್ತಾರು ಐವತ್ತೆರಡು!” ಅಂತ ಕೂಗಿದೆ. ತಲೆ ಆಡಿಸಿದಳು.

ಎರಡನೇ ಸುತ್ತಿನ ಹೊತ್ತಿಗೆ ಚಳಿ ಹೋಗಿ ಬಿಸಿಲು ಹತ್ತಿತ್ತು. ಉಮಾಕಾಂತ ಜೀಪಿಗೆ ಜಾಗ ಹುಡುಕಲು ಹೋಗಿದ್ದರು, ಮೀನಲ ನನ್ನ ಕಂಕುಳಲ್ಲಿದ್ದಳು. ದೂರದಲ್ಲಿ ಜಯಮಾಲಾಳ ನೀಲಿ ಬನಿಯನ್ ಕಂಡಿತು. ಮೂವರನ್ನು ಹಿಂದೆ ಹಾಕಿದ್ದಳು. ನಾನು ಮೊಬೈಲ್ ಎತ್ತಿದೆ. ಮೀನಲ ಅಂಗೈಯಿಂದ ಪರದೆಗೆ ಬಡಿದಳು. ಓಡುತ್ತಿದ್ದ ಅಂಕಿಗಳು ಹೋಗಿ ಸಾಲು ಸೊನ್ನೆ ನಿಂತವು.

ಅವಳು ಬರುತ್ತಿದ್ದಾಳೆ. ಮುಖ ನನ್ನ ಕಡೆಯೇ ಇದೆ, ಅಂಕಿಗಾಗಿ ಕಣ್ಣು ಅಗಲಿಸಿದ್ದಾಳೆ. ಸುತ್ತಮುತ್ತ ಕೇಳಲು ಹೊತ್ತಿಲ್ಲ. “ಐವತ್ಮೂರು ಮೂವತ್ತೆರಡು” ಅಂತ ಬಾಯಿ ತುದಿಗೆ ಬಂದಿತ್ತು. ಅದು ನಾವು ಬಯಸಿದ್ದ ಅಂಕಿ. ಅವಳಿಗೆ ಧೈರ್ಯ ಬರುತ್ತದೆ. ಅವಳು ಯಾವಾಗಲೂ ಹೇಳಿದಷ್ಟೇ ಓಡುವವಳು.

“ಹೋತು, ಜಯಾ!” ಅಂತ ಕಿರುಚಿದೆ. “ಗಡಿಯಾರ ಹೋತು! ನಂಗ ಗೊತ್ತಿಲ್ಲ!”

ಅವಳ ಮುಖದಲ್ಲಿ ಏನೋ ಒಂದು ಬದಲಾಯಿತು. ಸಿಟ್ಟೋ, ಅಲ್ಲವೋ. ನನ್ನನ್ನು ದಾಟುವಾಗ ಎಡಗೈ ಎದೆಯ ಮುಂದೆ ತಂದು ಮುಷ್ಟಿ ಹಿಡಿದಳು, ಚಾಡದ ಮೇಲೆ ಹಿಡಿಯುವ ಹಾಗೆ. ಹೆಬ್ಬೆರಳು ಮೇಲೆ, ಬೆರಳುಗಳು ಕೆಳಗೆ. ಹೊರಟುಹೋದಳು.

ಮುಂದಿನ ಇಪ್ಪತ್ತಾರು ನಿಮಿಷ ನಾನು ಕಳೆದದ್ದನ್ನು ಬರೆಯಲಾರೆ. ಮೀನಲಳಿಗೆ ಹಾಲು ಕುಡಿಸಿದೆ, ಅವಳು ಕಂಕುಳಲ್ಲೇ ನಿದ್ದೆ ಹೋದಳು. ಅಷ್ಟರಲ್ಲಿ ಕೊನೆಯ ಗೆರೆಯ ಮೇಲೆ ದೊಡ್ಡ ಗಡಿಯಾರ ತಂದು ಹಚ್ಚಿದ್ದರು, ಅದರ ಎದುರು ಬಂದು ನಿಂತೆ. ಒಂದು ತಾಸು ಹದಿನೇಳು ನಿಮಿಷ. ಹದಿನೆಂಟು. ಮೊದಲನೆಯವಳು, ಎರಡನೆಯವಳು ಬಂದರು. ಹತ್ತೊಂಬತ್ತು ನಿಮಿಷ ಹತ್ತು ಸೆಕೆಂಡಿಗೆ ನೀಲಿ ಬನಿಯನ್ ತಿರುವಿನಲ್ಲಿ ಕಂಡಿತು. ಭೀಮಾಶಂಕರ ಸರ್ ರಸ್ತೆಯ ಬದಿಯಲ್ಲಿ ಕೈ ಬೀಸುತ್ತ ಓಡಿ ಬರುತ್ತಿದ್ದರು, ಬೀಳುತ್ತಾರೇನೋ ಎಂಬಂತೆ. ಅವಳು ಗಡಿಯಾರ ನೋಡುತ್ತಿರಲಿಲ್ಲ. ಎತ್ತಿನ ಹಿಂದೆ ನಡೆಯುವವರು ನೋಡುವಂತೆ ಎದುರಿನ ನೆಲವನ್ನು ನೋಡುತ್ತಿದ್ದಳು. ಕೊನೆಯ ಐವತ್ತು ಮಾರಿಗೆ ಅವಳ ಕೈ ಬಿಚ್ಚಿತು, ಮಿಕ್ಕ ಕಾಳನ್ನೆಲ್ಲ ಒಮ್ಮೆಗೇ ಚೆಲ್ಲುವಂತೆ.

ಒಂದು ತಾಸು ಹತ್ತೊಂಬತ್ತು ನಿಮಿಷ ಐವತ್ತೊಂದು ಸೆಕೆಂಡು.

ಗೆರೆ ದಾಟಿ ನಾಲ್ಕು ಹೆಜ್ಜೆ ಹೋಗಿ ನೆಲಕ್ಕೆ ಕುಳಿತಳು. ನಾನು ಮೀನಲಳನ್ನು ಹೊತ್ತುಕೊಂಡೇ ಓಡಿದೆ. ಕೊರಳ ಕೆಳಗಿನ ಗಾಯ ಒಡೆದು ಬನಿಯನ್ನಿಗೆ ರಕ್ತ ಹತ್ತಿತ್ತು. ಅವಳು ಮೊದಲು ಲಿಂಗ ಮುಟ್ಟಿ ನೋಡಿಕೊಂಡಳು. ಆಮೇಲೆ, “ಎಷ್ಟು?” ಅಂದಳು. ಹೇಳಿದೆ. ಮೊಣಕಾಲ ಮೇಲೆ ತಲೆಯಿಟ್ಟಳು. ಬೆನ್ನು ಅಲುಗುತ್ತಿತ್ತು.

ಮನೆಗೆ ಬಂದ ಮೇಲೆ ಎಂದಿನಂತೆ ದಿನಚರಿ ಕೇಳಿದಳು. ಮೊದಲ ಸುತ್ತು ಬರೆದಿತ್ತು. ಕೊನೆಯ ಸಮಯ ಬರೆದಿತ್ತು. ಎರಡನೇ ಸುತ್ತಿನ ಮುಂದೆ ನಾನು ಜಾಗ ಖಾಲಿ ಬಿಟ್ಟಿದ್ದೆ. ಅವಳು ಆ ಖಾಲಿ ಜಾಗದ ಮೇಲೆ ಬೆರಳು ಇಟ್ಟು ಸ್ವಲ್ಪ ಹೊತ್ತು ನೋಡಿದಳು.

“ವೈನಿ,” ಅಂದಳು, “ನಾಡಿದ್ದು ಎಂಟು ಕಿಲೋಮೀಟರ್, ಸಾವಕಾಶ. ಮೀನಲಗ ಮನ್ಯಾಗೇ ಹಾಲು ಕುಡಿಸ್ಕೊಂಡು ಬಾ.”